ಮುಂಬೈಯಲ್ಲಿ ವಿಮಾನ ಬದಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಬೆಳಗಾವಿ, ಮಂಗಳೂರು ಕಡೆಗಳಿಂದ ವಿದೇಶಕ್ಕೆ ಹೊರಡುವ ಅನೇಕರು ಮುಂಬೈಯಲ್ಲಿ ವಿಮಾನ ಬದಲಿಸುತ್ತಾರೆ. ಮುಂಬೈಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಊರಿನಿಂದ ಬರುವ ಫೋನ್ ಕರೆಗಳಲ್ಲಿ ಈ ವಿಷಯ ತಪ್ಪದೆ ಬರುತ್ತದೆ. ಟಿಕೆಟ್ ಕೊಂಡಾದ ಮೇಲೆ ಕೇಳುವವರೇ ಹೆಚ್ಚು. ಕೊಳ್ಳುವ ಮೊದಲೇ ಕೇಳಿದರೆ ಅರ್ಧದಷ್ಟು ತೊಂದರೆಗಳು ಹುಟ್ಟುವುದೇ ಇಲ್ಲ ಎಂಬ ಕಾರಣಕ್ಕೆ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಕೊಡಲಾಗಿದೆ.

ಎರಡು ವಿಮಾನಗಳ ನಡುವೆ ಎಷ್ಟು ಸಮಯ ಇರಬೇಕು?

ಮೊದಲ ವಿಮಾನ ಇಳಿಯುವ ಹೊತ್ತಿನಿಂದ ಎರಡನೆಯದು ಹಾರುವ ಹೊತ್ತಿನವರೆಗಿನ ಗಂಟೆಗಳನ್ನು ಎಣಿಸುವುದು ಎಲ್ಲರ ರೂಢಿ. ಆದರೆ ಆ ಗಂಟೆಗಳೆಲ್ಲವೂ ನಿಮ್ಮ ಕೈಗೆ ಸಿಗುವುದಿಲ್ಲ. ಈ ತುದಿಯಲ್ಲಿ ವಿಮಾನ ನೆಲ ಮುಟ್ಟಿದ ಮೇಲೆ ಗೇಟಿಗೆ ಬಂದು ನಿಲ್ಲಬೇಕು, ಕೆಲವೊಮ್ಮೆ ಬಸ್ಸಿನಲ್ಲಿ ಟರ್ಮಿನಲ್‌ಗೆ ಬರಬೇಕು, ಬ್ಯಾಗಿಗಾಗಿ ಬೆಲ್ಟಿನ ಬಳಿ ಕಾಯಬೇಕು. ಆ ತುದಿಯಲ್ಲಿ ಚೆಕ್-ಇನ್ ಕೌಂಟರ್ ವಿಮಾನ ಹಾರುವುದಕ್ಕೆ ಬಹಳ ಮೊದಲೇ ಮುಚ್ಚುತ್ತದೆ: ದೇಶೀಯ ವಿಮಾನಗಳಿಗೆ ಸಾಮಾನ್ಯವಾಗಿ 60 ನಿಮಿಷ ಮುಂಚೆ, ವಿದೇಶಿ ವಿಮಾನಗಳಿಗೆ ಕಂಪನಿಗೆ ತಕ್ಕಂತೆ 60 ಅಥವಾ 75 ನಿಮಿಷ ಮುಂಚೆ. ಆದ್ದರಿಂದ ಲೆಕ್ಕವನ್ನು ಯಾವಾಗಲೂ ಕೌಂಟರ್ ಮುಚ್ಚುವ ಸಮಯದಿಂದ ಹಿಂದಕ್ಕೆ ಹಾಕಬೇಕು.

ಒಂದು ಉದಾಹರಣೆ ನೋಡಿ. ಹುಬ್ಬಳ್ಳಿಯ ವಿಮಾನ ರಾತ್ರಿ 9ಕ್ಕೆ ಟಿ1ರಲ್ಲಿ (ಒಂದನೇ ಟರ್ಮಿನಲ್) ಇಳಿಯುತ್ತದೆ, ವಿದೇಶಿ ವಿಮಾನ ನಡುರಾತ್ರಿ 1.40ಕ್ಕೆ ಟಿ2ರಿಂದ (ಎರಡನೇ ಟರ್ಮಿನಲ್) ಹಾರುತ್ತದೆ, ಟಿಕೆಟ್‌ಗಳು ಬೇರೆ ಬೇರೆ ಎಂದಿಟ್ಟುಕೊಳ್ಳಿ. ಕಾಗದದ ಮೇಲೆ 4 ಗಂಟೆ 40 ನಿಮಿಷ ಇದೆ. ವಿಮಾನದಿಂದ ಹೊರಬರುವ ಹೊತ್ತಿಗೆ 9.20, ಬ್ಯಾಗ್ ಕೈಗೆ ಬರುವಾಗ 9.50, ಟ್ಯಾಕ್ಸಿ ಹಿಡಿದು ಟಿ2 ತಲುಪುವಾಗ 10.35, ಬಾಗಿಲಲ್ಲಿ ಟಿಕೆಟ್ ಮತ್ತು ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋಗುವಾಗ 10.50 ಆಗಿರುತ್ತದೆ. ಕೌಂಟರ್ 12.25ಕ್ಕೆ ಮುಚ್ಚಿದರೆ ನಿಮಗೆ ನಿಜವಾಗಿ ಉಳಿದ ಬಿಡುವು 1 ಗಂಟೆ 35 ನಿಮಿಷ. ಹುಬ್ಬಳ್ಳಿಯಿಂದ ಬರುವ ವಿಮಾನ ಒಂದೂವರೆ ಗಂಟೆ ತಡವಾದರೆ ಉಳಿಯುವುದು ಐದೇ ನಿಮಿಷ, ಅದೂ ಚೆಕ್-ಇನ್ ಸಾಲಿನ ಹಿಂದುಗಡೆ ನಿಂತು.

ಈ ರೀತಿಯಲ್ಲಿ ನೋಡಿದಾಗ ನಾನು ಹೇಳುವ ಸಮಯಗಳು ಇವು. ಒಂದೇ ಟಿಕೆಟ್ಟಿನಲ್ಲಿ, ಒಂದೇ ಟರ್ಮಿನಲ್‌ನಲ್ಲಿ, ದೇಶೀಯದಿಂದ ದೇಶೀಯಕ್ಕೆ ಬದಲಿಸುವುದಾದರೆ ಒಂದೂವರೆ ಗಂಟೆ ಸಾಕು, ಎರಡು ಇದ್ದರೆ ನಿಶ್ಚಿಂತೆ. ಒಂದೇ ಟಿಕೆಟ್ಟಿನಲ್ಲಿ ದೇಶೀಯದಿಂದ ವಿದೇಶಕ್ಕೆ ಮೂರು ಗಂಟೆ, ವಿದೇಶದಿಂದ ಬಂದು ದೇಶೀಯಕ್ಕೆ ಮೂರೂವರೆ ಗಂಟೆ ಬೇಕು. ಟರ್ಮಿನಲ್ ಬದಲಾಗುವುದಿದ್ದರೆ ಇವಕ್ಕೆ ಇನ್ನೊಂದು ಗಂಟೆ ಸೇರಿಸಿ. ಟಿಕೆಟ್‌ಗಳು ಬೇರೆ ಬೇರೆಯಾಗಿದ್ದರೆ ಆರು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಮಳೆಗಾಲದಲ್ಲಿ ಬೇರೆ ಟಿಕೆಟ್ ಇದ್ದು, ಮುಂದಿನ ಪ್ರಯಾಣ ಮದುವೆಗೋ ವೀಸಾ ಸಂದರ್ಶನಕ್ಕೋ ಕಾಲೇಜು ಸೇರುವುದಕ್ಕೋ ಸಂಬಂಧಿಸಿದ್ದಾದರೆ ಹಿಂದಿನ ದಿನವೇ ಮುಂಬೈಗೆ ಬಂದು ತಂಗುವುದು ಒಳ್ಳೆಯದು.

ಒಂದೇ ಟಿಕೆಟ್ ಅಂದರೇನು? ಎರಡೂ ಟಿಕೆಟ್ಟುಗಳನ್ನು ಒಂದೇ ದಿನ ಒಂದೇ ಆ್ಯಪಿನಲ್ಲಿ ಕೊಂಡಿದ್ದೇನಲ್ಲ?

ಒಂದೇ ಆ್ಯಪಿನಲ್ಲಿ ಒಟ್ಟಿಗೆ ಹಣ ಕಟ್ಟಿದ ಮಾತ್ರಕ್ಕೆ ಅದು ಒಂದೇ ಟಿಕೆಟ್ ಆಗುವುದಿಲ್ಲ. ಊರಿನಿಂದ ಮುಂಬೈಗೂ ಮುಂಬೈಯಿಂದ ಮುಂದಕ್ಕೂ ಒಂದೇ ಪಿಎನ್ಆರ್ (ಬುಕಿಂಗ್ ಸಂಖ್ಯೆ) ಇದೆಯೇ ಎಂದು ನೋಡಬೇಕು. ಒಂದೇ ಇದ್ದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ನಿಮ್ಮನ್ನು ಮುಂದಿನ ವಿಮಾನದಲ್ಲಿ ಕಳಿಸುವ ಹೊಣೆ ಕಂಪನಿಯದು. ಎರಡು ಪಿಎನ್ಆರ್ ಇದ್ದರೆ ಎರಡನೇ ಕಂಪನಿಯ ದೃಷ್ಟಿಯಲ್ಲಿ ನೀವು ಸಮಯಕ್ಕೆ ಬಾರದ ಪ್ರಯಾಣಿಕರು, ಅಷ್ಟೇ. ಮೊದಲನೆಯದು ಎಷ್ಟು ತಡವಾಯಿತು ಎಂಬುದು ಅವರಿಗೆ ಸಂಬಂಧಿಸಿದ ಮಾತಲ್ಲ. ಬೇರೆ ಬೇರೆ ಕೊಂಡಾಗ ಎರಡು ಮೂರು ಸಾವಿರ ರೂಪಾಯಿ ಉಳಿಯುವುದುಂಟು. ಆದರೆ ತಪ್ಪಿಹೋದ ವಿದೇಶಿ ಟಿಕೆಟ್ಟಿನ ಬದಲು ಅದೇ ರಾತ್ರಿ ಕೌಂಟರಿನಲ್ಲಿ ಹೊಸ ಟಿಕೆಟ್ ಕೊಳ್ಳಬೇಕಾದಾಗ ಅದರ ಎಷ್ಟೋ ಪಟ್ಟು ಕೈಯಿಂದ ಹೋಗುತ್ತದೆ.

ಒಂದೇ ಟಿಕೆಟ್ ಇರುವವರು ಮರೆಯಬಾರದ ಸಂಗತಿಯೂ ಒಂದಿದೆ. ಹುಬ್ಬಳ್ಳಿ–ಮುಂಬೈ–ದುಬೈ ಎಂದು ಟಿಕೆಟ್ ಮಾಡಿಸಿಕೊಂಡ ಮೇಲೆ, ನಡುವೆ ಮುಂಬೈಯಲ್ಲಿ ಅಕ್ಕನ ಮನೆಗೆ ಹೋಗುವ ಕೆಲಸ ಬಂತೆಂದು ಎರಡು ದಿನ ಮೊದಲೇ ರೈಲಿನಲ್ಲಿ ಬಂದು, ಮುಂಬೈಯಿಂದ ಮಾತ್ರ ವಿಮಾನ ಹತ್ತುತ್ತೇನೆ ಎಂದರೆ ಆಗುವುದಿಲ್ಲ. ಮೊದಲ ಹಂತದಲ್ಲಿ ನೀವು ಹತ್ತದಿದ್ದರೆ ಅದೇ ಟಿಕೆಟ್ಟಿನ ಉಳಿದ ಹಂತಗಳೂ, ಮರಳುವ ಪ್ರಯಾಣವೂ ಸೇರಿ, ಸಾಮಾನ್ಯವಾಗಿ ತಾನಾಗಿ ರದ್ದಾಗುತ್ತವೆ. ಯೋಜನೆ ಬದಲಾದರೆ ಹೊರಡುವ ಮೊದಲೇ ಕಂಪನಿಗೆ ಹೇಳಿ ಟಿಕೆಟ್ ತಿದ್ದಿಸಿಕೊಳ್ಳಬೇಕು.

‘ಮುಂಬೈ’ ಎಂದು ಬರೆದಿದ್ದರೆ ಸಾಕಲ್ಲವೇ? ವಿಮಾನ ನಿಲ್ದಾಣದ ಕೋಡ್ ಯಾಕೆ ನೋಡಬೇಕು?

ಈಗ ಕಡ್ಡಾಯವಾಗಿ ನೋಡಬೇಕು. ಸಹಾರದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಕೋಡ್ ಬಿಒಎಂ. ಉಳ್ವೆ–ಪನವೇಲ್ ಭಾಗದಲ್ಲಿ ಕಟ್ಟಿರುವ ನವಿ ಮುಂಬೈ ವಿಮಾನ ನಿಲ್ದಾಣದ ಕೋಡ್ ಎನ್ಎಂಐ. ಇದನ್ನು 2025ರ ಅಕ್ಟೋಬರ್ 8ರಂದು ಉದ್ಘಾಟಿಸಲಾಯಿತು, ಪ್ರಯಾಣಿಕರ ವಿಮಾನಗಳು ಅದೇ ವರ್ಷ ಡಿಸೆಂಬರ್ 25ರಿಂದ ಆರಂಭವಾದವು. ಎರಡರ ನಡುವೆ ರಸ್ತೆಯಲ್ಲಿ 35–40 ಕಿಲೋಮೀಟರ್ ಅಂತರವಿದೆ. ಬೆಳಗಿನ ಜಾವ ಒಂದು ಗಂಟೆಯಲ್ಲಿ ಮುಗಿಯಬಹುದಾದ ಈ ದಾರಿ ಸಂಜೆ ಕಚೇರಿ ಬಿಡುವ ಹೊತ್ತಿನಲ್ಲಿ ಎರಡು ಗಂಟೆಯನ್ನೂ ಮೀರುತ್ತದೆ.

ಟಿಕೆಟ್ ಹುಡುಕುವಾಗ ಕೆಲವು ಆ್ಯಪ್‌ಗಳು ಎರಡೂ ನಿಲ್ದಾಣಗಳ ವಿಮಾನಗಳನ್ನು ‘ಮುಂಬೈ’ ಎಂಬ ಒಂದೇ ಹೆಸರಿನಡಿ ತೋರಿಸುತ್ತವೆ. ಒಂದರಲ್ಲಿ ಇಳಿದು ಇನ್ನೊಂದರಿಂದ ಹಾರುವ ಟಿಕೆಟ್ಟನ್ನು ತಿಳಿಯದೆ ಕೊಂಡವರಿಗೆ ನಾಲ್ಕು ಗಂಟೆಯ ಬಿಡುವು ಏನೇನೂ ಸಾಲದು. ಬೇರೆ ದಾರಿಯೇ ಇಲ್ಲದಿದ್ದರೆ ಎಂಟು ಗಂಟೆ ಇಟ್ಟುಕೊಳ್ಳಿ. ಸಾಧ್ಯವಾದಷ್ಟು ಮಟ್ಟಿಗೆ ಅಂತಹ ಜೋಡಣೆಯನ್ನೇ ಬಿಡಿ.

ಟಿ1, ಟಿ2 ಬೇರೆ ಬೇರೆ ಕಡೆ ಇವೆಯೇ? ಒಂದರಿಂದ ಒಂದಕ್ಕೆ ಒಳಗಿನಿಂದಲೇ ನಡೆದು ಹೋಗಬಹುದೇ?

ನಡೆದು ಹೋಗಲು ಆಗುವುದಿಲ್ಲ. ಬಿಒಎಂ ನಿಲ್ದಾಣದ ಟಿ1 ಸಾಂತಾಕ್ರೂಜ್–ವಿಲೇಪಾರ್ಲೆ ಕಡೆಗಿದೆ, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಗೆ ಹತ್ತಿರ. ಟಿ2 ಅಂಧೇರಿ ಪೂರ್ವದ ಸಹಾರದಲ್ಲಿದೆ. ರನ್‌ವೇಗಳು ಒಂದೇ ಆದರೂ ಪ್ರಯಾಣಿಕರು ಹೊರಬಂದು ನಾಲ್ಕೈದು ಕಿಲೋಮೀಟರ್ ರಸ್ತೆಯಲ್ಲಿ ಸಾಗಬೇಕು. ವಿದೇಶಿ ವಿಮಾನಗಳೆಲ್ಲ ಟಿ2ರಿಂದಲೇ ಹಾರುತ್ತವೆ. ದೇಶೀಯ ವಿಮಾನಗಳು ಎರಡೂ ಕಡೆ ಇವೆ. ಒಂದೇ ಕಂಪನಿಯ ದೇಶೀಯ ವಿಮಾನಗಳಲ್ಲಿ ಕೆಲವು ಟಿ1ಕ್ಕೂ ಕೆಲವು ಟಿ2ಕ್ಕೂ ಬರುವುದುಂಟು, ಇಂಡಿಗೊ ಇದಕ್ಕೆ ಉದಾಹರಣೆ. ಆದ್ದರಿಂದ ಕಂಪನಿಯ ಹೆಸರು ನೋಡಿ ಟರ್ಮಿನಲ್ ಊಹಿಸಬೇಡಿ. ವಿಮಾನದ ಸಂಖ್ಯೆ ಹಾಕಿ, ಹೊರಡುವ ಹಿಂದಿನ ದಿನ ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳಿ.

ಟರ್ಮಿನಲ್‌ಗಳ ನಡುವೆ ಮುಂದಿನ ಪ್ರಯಾಣದ ಟಿಕೆಟ್ ಇರುವವರಿಗಾಗಿ ಬಸ್ ಓಡುತ್ತದೆ. ಆಗಮನದ ಭಾಗದಲ್ಲಿ ಸಿಬ್ಬಂದಿಯನ್ನು ಕೇಳಿದರೆ ಬಸ್ ನಿಲ್ಲುವ ಜಾಗ ತೋರಿಸುತ್ತಾರೆ. ಸಮಯ ಕಡಿಮೆ ಇದ್ದರೆ ಟ್ಯಾಕ್ಸಿಯೇ ಮೇಲು. ಮೆಟ್ರೊದ 3ನೇ ಮಾರ್ಗದಲ್ಲಿ ಎರಡೂ ಟರ್ಮಿನಲ್‌ಗಳ ಹೆಸರಿನ ನಿಲ್ದಾಣಗಳಿವೆ, ನಡುವೆ ಸಹಾರ್ ರೋಡ್ ಎಂಬ ಒಂದೇ ನಿಲ್ದಾಣ. ಹಗಲಿನಲ್ಲಿ, ಒಂದೇ ಚೀಲ ಹೊತ್ತವರಿಗೆ ಇದು ಬಹಳ ಒಳ್ಳೆಯ ಸೌಕರ್ಯ. ಆದರೆ ಮೆಟ್ರೊ ರಾತ್ರಿ ಹತ್ತೂವರೆಯ ಹೊತ್ತಿಗೆ ನಿಲ್ಲುತ್ತದೆ, ವಿದೇಶಿ ವಿಮಾನಗಳ ದೊಡ್ಡ ಪಾಲು ಹೊರಡುವುದು ಅದರ ನಂತರ. ನೆಲದಾಳದ ನಿಲ್ದಾಣದಿಂದ ಮೇಲೆ ಬಂದು ಟರ್ಮಿನಲ್ ಬಾಗಿಲವರೆಗೆ ಎರಡು ದೊಡ್ಡ ಸೂಟ್‌ಕೇಸ್ ಎಳೆಯುವ ಶ್ರಮವನ್ನೂ ಗಮನದಲ್ಲಿಟ್ಟುಕೊಳ್ಳಿ.

ಊರಿನಲ್ಲಿ ಕೊಟ್ಟ ಬ್ಯಾಗನ್ನು ಮುಂಬೈಯಲ್ಲಿ ಮತ್ತೆ ತೆಗೆದುಕೊಳ್ಳಬೇಕೇ?

ಹೋಗುವಾಗ, ಒಂದೇ ಟಿಕೆಟ್ ಇದ್ದು ಕಂಪನಿಗಳ ನಡುವೆ ಒಪ್ಪಂದವಿದ್ದರೆ, ಬ್ಯಾಗ್ ನೇರವಾಗಿ ಕೊನೆಯ ಊರಿಗೆ ಹೋಗುತ್ತದೆ. ಇದನ್ನು ತಿಳಿಯುವ ಸುಲಭ ವಿಧಾನವೆಂದರೆ ಚೆಕ್-ಇನ್ ಕೌಂಟರಿನಲ್ಲಿ ಬ್ಯಾಗಿನ ಹಿಡಿಕೆಗೆ ಅಂಟಿಸುವ ಪಟ್ಟಿಯನ್ನು ಅಲ್ಲಿಯೇ ಓದುವುದು. ಅದರಲ್ಲಿ ದೊಡ್ಡ ಅಕ್ಷರಗಳಲ್ಲಿರುವ ಕೋಡ್ ನೀವು ಕೊನೆಗೆ ತಲುಪುವ ನಿಲ್ದಾಣದ್ದಾಗಿದ್ದರೆ ಮುಂಬೈಯಲ್ಲಿ ಬೆಲ್ಟಿನ ಬಳಿ ಕಾಯುವ ಅಗತ್ಯವಿಲ್ಲ. ಮುಂಬೈಯ ಕೋಡ್ ಮಾತ್ರ ಇದ್ದರೆ ಇಳಿದ ಮೇಲೆ ತೆಗೆದುಕೊಂಡು ಮತ್ತೆ ಕೊಡಬೇಕು. ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿಕೊಡುವ ಸಣ್ಣ ಚೀಟಿಯಲ್ಲೂ ಅದೇ ಕೋಡ್ ಮತ್ತು ಸಂಖ್ಯೆ ಇರುತ್ತದೆ. ಕೊನೆಯ ಊರು ತಲುಪಿ ಬ್ಯಾಗ್ ಕೈಗೆ ಬರುವ ತನಕ ಅದನ್ನು ಎಸೆಯಬೇಡಿ. ಬ್ಯಾಗ್ ಬಾರದಿದ್ದಾಗ ದೂರು ಬರೆಸಲು ಬೇಕಾದ ಮೊದಲ ದಾಖಲೆ ಆ ಚೀಟಿಯೇ.

ಇಮಿಗ್ರೇಷನ್ ಮಾತ್ರ ಮುಂಬೈಯಲ್ಲೇ ಆಗುತ್ತದೆ, ಏಕೆಂದರೆ ನೀವು ದೇಶ ಬಿಟ್ಟು ಹೊರಡುವುದು ಇಲ್ಲಿಂದ. ಭಾರತೀಯರು ನಿರ್ಗಮನದ ಕಾರ್ಡ್ ತುಂಬುವ ಪದ್ಧತಿ 2017ರ ಜುಲೈ 1ರಿಂದ ಇಲ್ಲ. ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್, ವೀಸಾ ಕೈಯಲ್ಲಿದ್ದರೆ ಸಾಕು.

ವಿದೇಶದಿಂದ ಮರಳಿ ಬರುವಾಗಲೂ ಹೀಗೆಯೇ?

ಸಾಮಾನ್ಯವಾಗಿ ಹೀಗಿರುವುದಿಲ್ಲ, ಇಲ್ಲಿಯೇ ಹೆಚ್ಚು ಜನ ಎಡವುವುದು. ಹೋಗುವಾಗ ಬ್ಯಾಗ್ ನೇರವಾಗಿ ಹೋಯಿತು, ಬರುವಾಗಲೂ ಮಂಗಳೂರಿನಲ್ಲೇ ಸಿಗುತ್ತದೆ ಎಂದುಕೊಂಡು ಬೆಲ್ಟಿನ ಕಡೆ ತಿರುಗಿಯೂ ನೋಡದೆ ಹೊರಟುಬಿಡುತ್ತಾರೆ. ದೇಶದೊಳಗೆ ಮೊದಲು ಕಾಲಿಟ್ಟ ನಿಲ್ದಾಣದಲ್ಲಿ ಇಮಿಗ್ರೇಷನ್ ಮುಗಿಸಿ, ಬ್ಯಾಗ್ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ನಂತರ ಟ್ರಾನ್ಸ್‌ಫರ್ ಕೌಂಟರಿನಲ್ಲಿ ಅದೇ ಬ್ಯಾಗನ್ನು ಮತ್ತೆ ಕೊಡುವುದು ಇಲ್ಲಿನ ಕ್ರಮ. ಪಟ್ಟಿಯಲ್ಲಿ ಮಂಗಳೂರಿನ ಕೋಡ್ ಇದ್ದರೂ ಈ ಕೆಲಸ ಮಾಡಬೇಕಾಗಬಹುದು. ಬ್ಯಾಗ್ ಕೊಡುವಾಗಲೇ ಅಲ್ಲಿನ ಕೌಂಟರಿನಲ್ಲಿ ‘ಮುಂಬೈಯಲ್ಲಿ ತೆಗೆದುಕೊಳ್ಳಬೇಕೇ’ ಎಂದು ನೇರವಾಗಿ ಕೇಳಿ. ಎರಡು ಮೂರು ದೊಡ್ಡ ವಿಮಾನಗಳು ಒಟ್ಟಿಗೆ ಇಳಿದ ಹೊತ್ತಿನಲ್ಲಿ ಇಮಿಗ್ರೇಷನ್ ಸಾಲೂ ಬೆಲ್ಟಿನ ಮುಂದಿನ ಗುಂಪೂ ಸೇರಿ ಒಂದೂವರೆ ಗಂಟೆ ಹಿಡಿಯುವುದು ಅಪರೂಪವಲ್ಲ.

ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿ, ಸುಗಂಧದ್ರವ್ಯಗಳಿದ್ದರೆ ಮುಂದಿನ ವಿಮಾನಕ್ಕೆ ಬ್ಯಾಗ್ ಕೊಡುವ ಮೊದಲೇ ಅವನ್ನು ಬಟ್ಟೆಯ ನಡುವೆ ಇಟ್ಟು ಚೆಕ್-ಇನ್ ಬ್ಯಾಗಿಗೆ ಸೇರಿಸಿ. ಕೈಚೀಲದಲ್ಲಿ ಉಳಿದರೆ ಭದ್ರತಾ ತಪಾಸಣೆಯಲ್ಲಿ ಬಿಟ್ಟುಬರಬೇಕಾದೀತು.

ಮಕ್ಕಳು ಅಲ್ಲಿಯೇ ಹುಟ್ಟಿ ಬೇರೆ ದೇಶದ ಪಾಸ್‌ಪೋರ್ಟ್ ಹೊಂದಿದ್ದರೆ, ಮುಂಬೈ ಬರೀ ದಾರಿಯಲ್ಲಿ ಸಿಗುವ ನಿಲ್ದಾಣ ಎಂದುಕೊಳ್ಳಬೇಡಿ. ಊರಿಗೆ ಹೋಗಲು ಇಲ್ಲಿ ಇಮಿಗ್ರೇಷನ್ ದಾಟಲೇಬೇಕು, ಆದ್ದರಿಂದ ಅವರ ವೀಸಾ ಅಥವಾ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಕೈಯಲ್ಲಿರಬೇಕು.

ವಿಮಾನ 12ನೇ ತಾರೀಖು ನಡುರಾತ್ರಿ 1.40ಕ್ಕೆ ಎಂದಿದೆ. ಯಾವ ದಿನ ರಾತ್ರಿ ಬರಬೇಕು?

11ನೇ ತಾರೀಖಿನ ರಾತ್ರಿಯೇ ವಿಮಾನ ನಿಲ್ದಾಣದಲ್ಲಿರಬೇಕು. ರಾತ್ರಿ ಊಟ ಮುಗಿಸಿ ಹೊರಡುವುದನ್ನು ನಾವೆಲ್ಲ ಆ ದಿನದ ಲೆಕ್ಕಕ್ಕೇ ಹಾಕುತ್ತೇವೆ. ಟಿಕೆಟ್ಟಿನಲ್ಲಿ 12 ಗಂಟೆ ದಾಟಿದ ಕೂಡಲೇ ತಾರೀಖು ಬದಲಾಗುತ್ತದೆ. 12ರ ಸಂಜೆ ಊರಿನಿಂದ ಹೊರಟು ಬಂದವರಿಗೆ, ವಿಮಾನ ನಿನ್ನೆಯೇ ಹೋಯಿತು ಎಂದು ಕೌಂಟರಿನಲ್ಲಿ ಹೇಳಿದಾಗ ಮಾಡಲು ಏನೂ ಉಳಿದಿರುವುದಿಲ್ಲ. ಮುಂಬೈಯಿಂದ ಗಲ್ಫ್, ಯುರೋಪ್ ಕಡೆಗೆ ಹೊರಡುವ ವಿಮಾನಗಳಲ್ಲಿ ಬಹಳಷ್ಟು ನಡುರಾತ್ರಿಯಿಂದ ಬೆಳಗಿನ ಜಾವದ ನಡುವೆ ಇರುವುದರಿಂದ ಈ ಗೊಂದಲ ಇಲ್ಲಿ ಹೆಚ್ಚು. ಊರಿನಿಂದ ಮುಂಬೈಗೆ ಬೇರೆ ಟಿಕೆಟ್ ಕೊಳ್ಳುವವರು ಈ ತಾರೀಖನ್ನು ಒಬ್ಬರಲ್ಲ, ಮನೆಯ ಇಬ್ಬರು ಓದಿ ನೋಡುವುದು ಉತ್ತಮ.

ಮಳೆಗಾಲದಲ್ಲಿ ಪ್ರಯಾಣ ಇಟ್ಟುಕೊಂಡರೆ ತೊಂದರೆಯೇ?

ಪ್ರಯಾಣ ಮಾಡಬಹುದು, ಆದರೆ ಬಿಡುವು ಹೆಚ್ಚು ಬೇಕು. ಮುಂಬೈಯ ಎರಡು ರನ್‌ವೇಗಳು ಒಂದನ್ನೊಂದು ಅಡ್ಡಕ್ಕೆ ಕತ್ತರಿಸುತ್ತವೆ, ಆದ್ದರಿಂದ ಎರಡನ್ನೂ ಒಟ್ಟಿಗೆ ಸ್ವತಂತ್ರವಾಗಿ ಬಳಸಲು ಆಗುವುದಿಲ್ಲ. ಬಹುಪಾಲು ಹೊತ್ತು ಒಂದೇ ರನ್‌ವೇಯಲ್ಲಿ ಗಂಟೆಗೆ ನಲವತ್ತಕ್ಕೂ ಹೆಚ್ಚು ವಿಮಾನಗಳು ಇಳಿಯುತ್ತವೆ, ಏರುತ್ತವೆ. ಇಷ್ಟು ಬಿಗಿಯಾದ ವೇಳಾಪಟ್ಟಿಯಲ್ಲಿ ಬೆಳಿಗ್ಗೆ ಅರ್ಧ ಗಂಟೆ ಮಳೆಗೆ ನಿಂತ ಕೆಲಸ ಸಂಜೆಯ ವಿಮಾನಗಳವರೆಗೂ ತಡವಾಗಿ ಹರಿಯುತ್ತದೆ. ಊರಿನಿಂದ ಹೊರಟ ವಿಮಾನ ಮುಂಬೈಯ ಮೇಲೆ ಸುತ್ತು ಹಾಕಿ, ಇಂಧನ ಕಡಿಮೆಯಾದಾಗ ಬೇರೆ ನಿಲ್ದಾಣಕ್ಕೆ ಹೋಗಿ ಇಳಿಯುವುದೂ ಉಂಟು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ವಿಮಾನ ನಿಲ್ದಾಣವೇ ಮುಚ್ಚಿತ್ತು. 2019ರ ಜುಲೈ ಮೊದಲ ವಾರ ಮಳೆಯಲ್ಲಿ ಇಳಿದ ವಿಮಾನವೊಂದು ಮುಖ್ಯ ರನ್‌ವೇಯ ಕೊನೆ ದಾಟಿ ಹೋಗಿ ನಿಂತು, ಆ ರನ್‌ವೇ ಕೆಲವು ದಿನ ಬಳಕೆಗೆ ಸಿಗಲಿಲ್ಲ. ಇಂತಹವು ವಿರಳ. ಸಾಧಾರಣ ಜುಲೈ ದಿನದ ಒಂದೆರಡು ಗಂಟೆಯ ವಿಳಂಬವೇ ಪ್ರಯಾಣಿಕರನ್ನು ಹೆಚ್ಚು ಕಾಡುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊರಿನಿಂದ ಬರುವ ಕೊನೆಯ ವಿಮಾನವನ್ನು ನೆಚ್ಚಬೇಡಿ. ಅದಕ್ಕಿಂತ ಮೊದಲಿನದನ್ನು ಹಿಡಿದರೆ ಅದು ರದ್ದಾದರೂ ಇನ್ನೊಂದು ಉಳಿದಿರುತ್ತದೆ. ಮಳೆಗಾಲದ ಮೊದಲು ಮತ್ತು ನಂತರ ರನ್‌ವೇ ದುರಸ್ತಿಗಾಗಿ ಹಗಲು ಕೆಲವು ಗಂಟೆ ಹಾರಾಟ ನಿಲ್ಲಿಸುವ ದಿನಗಳಿರುತ್ತವೆ. ಅವನ್ನು ಮೊದಲೇ ಪ್ರಕಟಿಸಿ ವೇಳಾಪಟ್ಟಿ ಹೊಂದಿಸಿರುವುದರಿಂದ ಹೆದರಬೇಕಾದ್ದಿಲ್ಲ.

ಟಿ2 ಒಳಗೆ ದಾರಿ ತಪ್ಪುವ ಭಯವಿದೆ. ಏನು ನೋಡಿಕೊಂಡು ಹೋಗಬೇಕು?

2014ರಲ್ಲಿ ತೆರೆದ ಈ ಕಟ್ಟಡ ನಾಲ್ಕು ಅಂತಸ್ತಿನದು. ಚೆಕ್-ಇನ್ ಎಲ್ಲಕ್ಕಿಂತ ಮೇಲಿನ ನಾಲ್ಕನೇ ಅಂತಸ್ತಿನಲ್ಲಿ, ಆಗಮನ ಎರಡನೆಯದರಲ್ಲಿ. ಹೊರಗಿನಿಂದ ಟ್ಯಾಕ್ಸಿಯಲ್ಲಿ ಬಂದರೆ ಮೇಲುರಸ್ತೆ ನೇರವಾಗಿ ಚೆಕ್-ಇನ್ ಮುಂದೆಯೇ ಇಳಿಸುತ್ತದೆ. ಗೇಟುಗಳು ಕವಲೊಡೆದು ದೂರದವರೆಗೆ ಚಾಚಿವೆ; ಭದ್ರತಾ ತಪಾಸಣೆಯಿಂದ ಕೊನೆಯ ಗೇಟಿಗೆ ಸಾಧಾರಣ ನಡಿಗೆಯಲ್ಲಿ ಹದಿನೈದು ನಿಮಿಷ ಇಟ್ಟುಕೊಳ್ಳಿ, ಮಂಡಿನೋವಿನವರು ಇದ್ದರೆ ಇನ್ನೂ ಹೆಚ್ಚು.

ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಅಭ್ಯಾಸದಲ್ಲಿ ಘೋಷಣೆಗಾಗಿ ಕಾಯುತ್ತ ಕೂರಬೇಡಿ. ಇಲ್ಲಿ ಪ್ರತಿ ವಿಮಾನದ ಬೋರ್ಡಿಂಗ್ ಕೂಗಿ ಹೇಳುವುದಿಲ್ಲ. ಗೇಟ್ ಸಂಖ್ಯೆ ಬದಲಾದರೂ ಪರದೆಯ ಮೇಲೆ ಮತ್ತು ಫೋನಿನ ಸಂದೇಶದಲ್ಲಿ ತಿಳಿಯುತ್ತದೆ. ಊರಿನ ಬೋರ್ಡಿಂಗ್ ಪಾಸಿನಲ್ಲಿ ಗೇಟ್ ಮುದ್ರಿಸಿದ್ದರೂ ಪರದೆ ನೋಡಿಯೇ ಹೋಗಿ. ಗೇಟ್ ವಿಮಾನ ಹಾರುವುದಕ್ಕೆ 20–25 ನಿಮಿಷ ಮೊದಲೇ ಮುಚ್ಚುತ್ತದೆ.

ಡಿಜಿಯಾತ್ರಾ, ಇ-ಗೇಟ್ ಇವುಗಳಿಂದ ಸಮಯ ಉಳಿಯುತ್ತದೆಯೇ?

ಡಿಜಿಯಾತ್ರಾ ಆ್ಯಪ್ ದೇಶೀಯ ಪ್ರಯಾಣಕ್ಕೆ ಮಾತ್ರ. ಆಧಾರ್ ಜೋಡಿಸಿ, ಬೋರ್ಡಿಂಗ್ ಪಾಸ್ ಸೇರಿಸಿಕೊಂಡಿದ್ದರೆ ಮುಖ ತೋರಿಸಿ ಬಾಗಿಲು ದಾಟಬಹುದು. ವಿದೇಶಕ್ಕೆ ಹೋಗುವವರಿಗೆ ಹೆಚ್ಚು ಉಪಯೋಗವಾಗುವುದು ಕೇಂದ್ರ ಗೃಹ ಸಚಿವಾಲಯದ ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ ಯೋಜನೆ. 2025ರ ಜನವರಿಯಲ್ಲಿ ಮುಂಬೈಗೂ ಬಂದ ಈ ಸೌಲಭ್ಯಕ್ಕೆ ಭಾರತೀಯ ಪಾಸ್‌ಪೋರ್ಟ್ ಅಥವಾ ಒಸಿಐ ಕಾರ್ಡ್ ಇರುವವರು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಒಮ್ಮೆ ಬೆರಳಚ್ಚು ಮತ್ತು ಮುಖದ ಗುರುತು ಕೊಟ್ಟರೆ, ನಂತರ ಇ-ಗೇಟ್ ಮೂಲಕ ದಾಟಬಹುದು. ಅರ್ಜಿ ಒಪ್ಪಿಗೆಯಾಗಲು ದಿನಗಳು ಬೇಕಾಗುವುದರಿಂದ ಟಿಕೆಟ್ ಕೊಂಡ ವಾರವೇ ಹಾಕುವುದು ಲೇಸು.

ಅಪ್ಪ-ಅಮ್ಮ ಇಬ್ಬರೇ ಬರುತ್ತಿದ್ದಾರೆ, ಅವರಿಗೆ ಹಿಂದಿ, ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಏನು ಮಾಡಬೇಕು?

ಮಗಳ ಬಾಣಂತನಕ್ಕೆಂದು, ಮೊಮ್ಮಕ್ಕಳನ್ನು ನೋಡಲೆಂದು ಮೊದಲ ಬಾರಿ ವಿಮಾನ ಹತ್ತುವ ಹಿರಿಯರ ವಿಷಯದಲ್ಲಿ ಹಣ ಉಳಿಸುವ ವಿಚಾರವನ್ನು ಪಕ್ಕಕ್ಕಿಡಬೇಕು. ಅವರಿಗೆ ಒಂದೇ ಟಿಕೆಟ್, ಒಂದೇ ಟರ್ಮಿನಲ್, ನಾಲ್ಕು ಗಂಟೆಯ ಬಿಡುವು ಇರುವ ಪ್ರಯಾಣವನ್ನೇ ಹುಡುಕಿ. ನಡೆಯಲು ಕಷ್ಟವಿದ್ದರೆ ಪ್ರಯಾಣಕ್ಕೆ ಕನಿಷ್ಠ 48 ಗಂಟೆ ಮೊದಲು ಕಂಪನಿಗೆ ವೀಲ್‌ಚೇರ್ ಕೋರಿಕೆ ಸಲ್ಲಿಸಿ, ಅದು ಟಿಕೆಟ್ಟಿನಲ್ಲಿ ದಾಖಲಾಗಿದೆಯೇ ಎಂದು ನೋಡಿ. ವೀಲ್‌ಚೇರ್ ತಳ್ಳುವ ಸಿಬ್ಬಂದಿ ಇಮಿಗ್ರೇಷನ್, ಭದ್ರತಾ ತಪಾಸಣೆ ಎಲ್ಲವನ್ನೂ ದಾಟಿಸಿ ಗೇಟಿನವರೆಗೆ ಬಿಡುತ್ತಾರೆ. ಆದರೆ ಒಂದೇ ವಿಮಾನದಲ್ಲಿ ಹತ್ತಿಪ್ಪತ್ತು ಜನ ಕೇಳಿರುವ ದಿನಗಳಲ್ಲಿ ಸರದಿಗಾಗಿ ಕಾಯಬೇಕಾಗುತ್ತದೆ, ಆ ಕಾಯುವಿಕೆಗೂ ಸಮಯ ಬೇಕು.

ಒಂದು ಹಾಳೆಯ ಮೇಲೆ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ವಿಮಾನದ ಸಂಖ್ಯೆ, ತಲುಪುವ ಊರಿನ ವಿಳಾಸ, ಅಲ್ಲಿರುವ ಮಗ ಅಥವಾ ಮಗಳ ಫೋನ್ ಸಂಖ್ಯೆ, ಮುಂಬೈಯಲ್ಲಿರುವ ನೆಂಟರೊಬ್ಬರ ಸಂಖ್ಯೆ ಬರೆದು ಪಾಸ್‌ಪೋರ್ಟಿನ ಜೊತೆಗಿಟ್ಟುಕೊಡಿ. ಇಮಿಗ್ರೇಷನ್ ಅಧಿಕಾರಿ ‘ಯಾರ ಹತ್ತಿರ ಹೋಗುತ್ತಿದ್ದೀರಿ, ಎಷ್ಟು ದಿನ’ ಎಂದು ಕೇಳಿದಾಗ ಅಮ್ಮ ಆ ಹಾಳೆಯನ್ನು ಮುಂದೆ ಹಿಡಿದರೆ ಸಾಕಾಗುತ್ತದೆ. ಔಷಧಿಗಳು ಮತ್ತು ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ. ಮುಂಬೈಯ ನೆಂಟರು ಬಾಗಿಲವರೆಗೆ ಬರಬಹುದು, ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ ಎಂಬುದನ್ನು ಹಿರಿಯರಿಗೆ ಮೊದಲೇ ಹೇಳಿಡಿ. ಗೊತ್ತಿಲ್ಲದೆ ಬಾಗಿಲಲ್ಲಿ ಒಬ್ಬರೇ ಆದಾಗ ಗಾಬರಿ ಹೆಚ್ಚು.

ಉಪ್ಪಿನಕಾಯಿ, ಚಟ್ನಿಪುಡಿ, ಕೊಬ್ಬರಿ ಒಯ್ಯಬಹುದೇ?

ಒಣ ಕೊಬ್ಬರಿಯನ್ನು ಬಿಟ್ಟುಬಿಡಿ. ಅದರಲ್ಲಿ ಎಣ್ಣೆಯ ಅಂಶ ಹೆಚ್ಚಿರುವುದರಿಂದ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ, ಎಕ್ಸ್-ರೇಯಲ್ಲಿ ಕಂಡರೆ ಬ್ಯಾಗ್ ತೆರೆಸುತ್ತಾರೆ, ಆ ಗದ್ದಲದಲ್ಲಿ ಹೋಗುವ ಅರ್ಧ ಗಂಟೆ ನಿಮ್ಮದೇ. ಉಪ್ಪಿನಕಾಯಿ, ಖಾರದ ಪುಡಿ, ಚಟ್ನಿಪುಡಿಗಳನ್ನು ಕೈಚೀಲದಲ್ಲಿಡದೆ, ಎಣ್ಣೆ ಸೋರದಂತೆ ಕಟ್ಟಿ ಚೆಕ್-ಇನ್ ಬ್ಯಾಗಿನಲ್ಲಿಡಿ. ಪವರ್ ಬ್ಯಾಂಕ್ ಮಾತ್ರ ಇದಕ್ಕೆ ವಿರುದ್ಧ: ಅದು ಕೈಚೀಲದಲ್ಲೇ ಇರಬೇಕು. ವಿದೇಶಿ ವಿಮಾನದ ಕೈಚೀಲದಲ್ಲಿ ದ್ರವಗಳು ತಲಾ 100 ಮಿಲಿಲೀಟರ್ ಮೀರಬಾರದು.

ಎರಡನೇ ವಿಮಾನ ತಪ್ಪಿಯೇ ಹೋದರೆ?

ಒಂದೇ ಪಿಎನ್ಆರ್ ಇದ್ದರೆ ಹೊರಗೆ ಹೋಗದೆ ಮೊದಲು ಕಂಪನಿಯ ಟ್ರಾನ್ಸ್‌ಫರ್ ಕೌಂಟರಿಗೆ ಹೋಗಿ. ಸಾಲಿನಲ್ಲಿ ನಿಂತುಕೊಂಡೇ ಅವರ ಸಹಾಯವಾಣಿಗೂ ಕರೆ ಮಾಡಿ, ಯಾವುದು ಮೊದಲು ಸಿಕ್ಕಿದರೂ ಸರಿ. ಮೊದಲ ವಿಮಾನ ತಡವಾಗುವುದು ಊರಿನಲ್ಲೇ ತಿಳಿದುಹೋದರೆ ಅಲ್ಲಿಯೇ ಬದಲಿ ವ್ಯವಸ್ಥೆ ಕೇಳುವುದು ಇನ್ನೂ ಒಳ್ಳೆಯದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದ ಪ್ರಕಾರ, ಸಣ್ಣ ಹಾರಾಟಗಳಲ್ಲಿ ಎರಡು ಗಂಟೆಗೂ ಮೀರಿದ ವಿಳಂಬಕ್ಕೆ ಕಾಯುತ್ತಿರುವವರಿಗೆ ಊಟ-ತಿಂಡಿ ಕೊಡಬೇಕು. ದೇಶೀಯ ವಿಮಾನ ಆರು ಗಂಟೆಗೂ ಹೆಚ್ಚು ತಡವಾದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ, ಯಾವುದು ಬೇಕೆಂಬ ಆಯ್ಕೆ ಪ್ರಯಾಣಿಕರದು. ಹವಾಮಾನದಂತಹ, ಕಂಪನಿಯ ಕೈಮೀರಿದ ಕಾರಣಗಳಿದ್ದಾಗ ನಗದು ಪರಿಹಾರ ಸಿಗುವುದಿಲ್ಲ. ಏನೇ ಇರಲಿ, ವಿಳಂಬದ ಕಾರಣವನ್ನು ಕಂಪನಿಯಿಂದ ಬರಹದಲ್ಲಿ ಅಥವಾ ಸಂದೇಶದಲ್ಲಿ ಪಡೆದುಕೊಳ್ಳಿ. ಪ್ರಯಾಣ ವಿಮೆ ಮಾಡಿಸಿದ್ದರೆ ಅದನ್ನೇ ಮೊದಲು ಕೇಳುತ್ತಾರೆ.

ಎಂಟು-ಹತ್ತು ಗಂಟೆ ಬಿಡುವಿದೆ. ಊರು ನೋಡಿ ಬರಬಹುದೇ?

ಹಗಲಾಗಿದ್ದು, ಬ್ಯಾಗ್ ನೇರವಾಗಿ ಹೋಗಿದ್ದರೆ ಖಂಡಿತ ಹೋಗಬಹುದು. ಮೆಟ್ರೊ 3ನೇ ಮಾರ್ಗ 2025ರ ಅಕ್ಟೋಬರ್‌ನಿಂದ ಕಫ್ ಪರೇಡ್‌ವರೆಗೆ ಓಡುತ್ತಿರುವುದರಿಂದ ದಾದರ್, ಸಿಎಸ್ಎಂಟಿ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ರೈಲು ನಿಲ್ದಾಣ) ಕಡೆಗೆ ರಸ್ತೆಯ ದಟ್ಟಣೆ ಇಲ್ಲದೆ ಹೋಗಿ ಬರಲು ಸಾಧ್ಯ. ಮಾಟುಂಗಾಕ್ಕೆ ಹೋಗಿ ಉಡುಪಿ ಹೋಟೆಲಿನಲ್ಲಿ ಬಾಳೆಎಲೆಯ ಊಟ ಮಾಡಿ, ಮೈಸೂರು ಅಸೋಸಿಯೇಷನ್ ಇರುವ ಆ ಬೀದಿಗಳಲ್ಲಿ ಕನ್ನಡ ಕೇಳಿಸಿಕೊಂಡು ಮರಳುವಷ್ಟು ಹೊತ್ತು ಎಂಟು ಗಂಟೆಯಲ್ಲಿ ಸಿಗುತ್ತದೆ. ಮರಳಿ ಟರ್ಮಿನಲ್ ಬಾಗಿಲಲ್ಲಿರಬೇಕಾದ ಸಮಯವನ್ನು, ಮತ್ತೆ ಕೌಂಟರ್ ಮುಚ್ಚುವ ಹೊತ್ತಿನಿಂದಲೇ, ಮೊದಲು ನಿಗದಿ ಮಾಡಿಕೊಂಡು ಹೊರಡಿ. ರಾತ್ರಿಯಾಗಿದ್ದರೆ, ಜೊತೆಗೆ ಮಕ್ಕಳಿದ್ದರೆ, ಟಿ2 ಒಳಗೇ ಉಳಿಯಿರಿ. ಗಂಟೆಗಳ ಲೆಕ್ಕದಲ್ಲಿ ಕೋಣೆ ಕೊಡುವ ಟ್ರಾನ್ಸಿಟ್ ಹೋಟೆಲ್ ಅಲ್ಲಿದೆ. ‘ಜಯ ಹೇ’ ಹೆಸರಿನಲ್ಲಿ ಗೋಡೆಗಳುದ್ದಕ್ಕೂ ಇಟ್ಟಿರುವ ಸಾವಿರಾರು ಕಲಾಕೃತಿಗಳನ್ನು ನಿಧಾನವಾಗಿ ನೋಡುವುದಕ್ಕೇ ಒಂದು ಗಂಟೆ ಬೇಕು. ಆ ಕೆತ್ತನೆಗಳನ್ನು ನೋಡದೆ ಫೋನ್ ಹಿಡಿದು ಕೂರುವವರನ್ನು ಕಂಡಾಗ ನಿಜಕ್ಕೂ ಬೇಸರವಾಗುತ್ತದೆ.

ಊರಿನಿಂದ ರೈಲಿನಲ್ಲಿ ಬಂದು ಮುಂಬೈಯಲ್ಲಿ ವಿಮಾನ ಹತ್ತಿದರೆ ಹೇಗೆ?

ಅನೇಕರು ಹಾಗೆಯೇ ಬರುತ್ತಾರೆ, ಹೆಚ್ಚು ಲಗೇಜು ಇರುವವರಿಗೆ ಅನುಕೂಲವೂ ಹೌದು. ಆದರೆ ರೈಲು ಮತ್ತು ವಿಮಾನ ಎಂದೂ ಒಂದೇ ಟಿಕೆಟ್ ಆಗುವುದಿಲ್ಲವಾದ್ದರಿಂದ ನಡುವೆ ಹತ್ತು ಗಂಟೆಯಾದರೂ ಇರಲಿ. ಕಲಬುರಗಿ ಕಡೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರುವವರು ಸಿಎಸ್ಎಂಟಿವರೆಗೆ ಹೋಗದೆ ದಾದರಿನಲ್ಲೇ ಇಳಿದರೆ ವಿಮಾನ ನಿಲ್ದಾಣ ಹತ್ತಿರ. ಕರಾವಳಿಯಿಂದ ಮತ್ಸ್ಯಗಂಧದಲ್ಲಿ ಬರುವವರು ತಮ್ಮ ವಿಮಾನ ಎನ್ಎಂಐಯಿಂದ ಇದ್ದರೆ ಪನವೇಲ್‌ನಲ್ಲಿಯೇ ಇಳಿಯಬಹುದು, ಬಿಒಎಂ ಆಗಿದ್ದರೆ ಕೊನೆಯ ನಿಲ್ದಾಣವಾದ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಟ್ಯಾಕ್ಸಿ ಹಿಡಿಯುವುದು ಸರಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆ ಬೇರೆಯೇ ವೇಳಾಪಟ್ಟಿಯಂತೆ ನಿಧಾನವಾಗಿ ಓಡುವುದರಿಂದ ಬೇಸಿಗೆಯಲ್ಲಿ ನೋಡಿಟ್ಟುಕೊಂಡ ಸಮಯವನ್ನು ಜುಲೈಯಲ್ಲಿ ನಂಬಬೇಡಿ.

ಗೋವಾದಿಂದ ಹೊರಡುವ ಕಾರವಾರ, ಅಂಕೋಲಾದವರಿಗೂ ಇದು ಅನ್ವಯಿಸುತ್ತದೆಯೇ?

ಮುಂಬೈಯ ಮಟ್ಟಿಗೆ ಎಲ್ಲವೂ ಅನ್ವಯಿಸುತ್ತದೆ. ಗೋವಾದಲ್ಲೂ ಈಗ ಎರಡು ನಿಲ್ದಾಣಗಳಿವೆ: ದಕ್ಷಿಣದ ದಾಬೋಲಿಂ, ಕೋಡ್ ಜಿಒಐ, ಉತ್ತರದ ಪೆರ್ನೆಂ ಬಳಿಯ ಮೋಪಾ, ಕೋಡ್ ಜಿಒಎಕ್ಸ್, ಇಲ್ಲಿ 2023ರ ಜನವರಿಯಿಂದ ವಿಮಾನಗಳು ಓಡಾಡುತ್ತಿವೆ. ಕಾರವಾರದಿಂದ ಬರುವವರಿಗೆ ದಾಬೋಲಿಂ ಹತ್ತಿರ. ಮೋಪಾಕ್ಕೆ ಇಡೀ ಗೋವಾ ದಾಟಿ ಹೋಗಬೇಕು. ಟಿಕೆಟ್ಟಿನಲ್ಲಿ ಜಿಒಎಕ್ಸ್ ಎಂದಿದ್ದರೆ ದಾಬೋಲಿಂಗೆ ಹೊರಡುವುದಕ್ಕಿಂತ ಎರಡು ಗಂಟೆ ಮೊದಲೇ ಮನೆ ಬಿಡಿ.